ಸೋದರತ್ತೆಯ ಕ್ವಾರಂಟೈನು

ಹೈದರಾಬಾದಿನ ಶಂಷಾಬಾದಿನಲ್ಲಿ ವಿಮಾನ ಇಳಿದ ಮೇಲೆ ನನ್ನ ಎಡಗೈಗೆ ಠಸ್ಸೆ ಒತ್ತಿದವನು ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕಿನೊಳಗಿದ್ದ. ಕಣ್ಣು ಮಾತ್ರ ಕಾಣುತ್ತಿತ್ತು, ಅದಕ್ಕೂ ನಿದ್ದೆ ಇದ್ದಂತಿರಲಿಲ್ಲ. ಹೊರದೇಶದಿಂದ ಬಂದವರು ಎಂದಿನವರೆಗೆ ಜನರಿಂದ ದೂರ ಇರಬೇಕು ಎನ್ನುವುದು ಆ ಠಸ್ಸೆಯಲ್ಲಿತ್ತು. ಒಂದು ವಾರ ಸರ್ಕಾರ ಹೇಳಿದ ಹೋಟೆಲಿನಲ್ಲಿ, ನಮ್ಮ ಖರ್ಚಿನಲ್ಲಿ. ಆಮೇಲೆ ಇನ್ನೊಂದು ವಾರ ಮನೆಯಲ್ಲಿ, ಬೇರೆ ಕೋಣೆಯಲ್ಲಿ. ನನ್ನ ಮುಂದಿದ್ದ ಹುಡುಗ, ಮನೆಯಲ್ಲಿ ಬೇರೆ ಕೋಣೆಯೇ ಇಲ್ಲದಿದ್ದರೆ ಏನು ಮಾಡಬೇಕು ಎಂದು ತೆಲುಗಿನಲ್ಲಿ ಕೇಳಿದ. ಮುಂದೆ ನಡೆಯಿರಿ ಎಂಬ ಉತ್ತರ ಬಂತು. ಅವನು ವಾದಕ್ಕಿಳಿದ, ಹಿಂದಿದ್ದವರು ಕೂಗಾಡಿದರು. ನಾನು ಮಾತ್ರ ಸುಮ್ಮನೆ ಕೈ ಚಾಚಿ ಠಸ್ಸೆ ಒತ್ತಿಸಿಕೊಂಡು ಮುಂದೆ ಹೋದೆ. ನನಗೆ ದೂರ ಇರುವುದು ಹೊಸದಾಗಿರಲಿಲ್ಲ.

ನನ್ನ ಗಂಡ ತೀರಿಕೊಂಡು ಆಗ ನಾಲ್ಕು ವರ್ಷದ ಮೇಲಾಗಿತ್ತು. ಒಳ್ಳೆಯ ಮನುಷ್ಯ, ವಿಪರೀತ ಜೋರಾಗಿ ಸೀನುತ್ತಿದ್ದ. ಆ ರೋಗದ ಕಾಲದಲ್ಲಿ ಬದುಕಿದ್ದಿದ್ದರೆ ಒಂದೇ ಸೀನಿಗೆ ಓಣಿಯವರು ಗಂಟುಮೂಟೆ ಕಟ್ಟಿಸುತ್ತಿದ್ದರು. ಅವನು ಹೋದ ಮೇಲೆ ನಮ್ಮ ಬಳಗದ ಶುಭಕಾರ್ಯಗಳಲ್ಲಿ ನನಗೆ ತುಂಬ ಜವಾಬ್ದಾರಿಯ ಕೆಲಸಗಳು ಸಿಗತೊಡಗಿದವು. ಬಂಗಾರದ ಚೀಲ ಕಾಯುವುದು, ಅದೂ ಮಂಟಪದಿಂದ ದೂರದ ಕೋಣೆಯಲ್ಲಿ. ಅಡುಗೆಯವರ ಮೇಲೆ ಕಣ್ಣಿಡುವುದು, ಅದೂ ಅರಿಷಿಣ ಹಚ್ಚುವ ಹೊತ್ತಿಗೆ ಸರಿಯಾಗಿ. ಆರತಿ ಎತ್ತುವಾಗ ನನ್ನನ್ನು ಯಾರಾದರೂ ಪ್ರೀತಿಯಿಂದ ಕರೆದು, ಹೊರಗೆ ಕಾರು ನಿಲ್ಲಿಸಲು ಜಾಗ ಇದೆಯೋ ಇಲ್ಲವೋ ನೋಡಿ ಬಾ ಅನ್ನುತ್ತಿದ್ದರು. ಬೈದವರು ಒಬ್ಬರೂ ಇಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನ್ನ ನಾಲಿಗೆಗೇನೂ ಕಡಿಮೆ ಇರಲಿಲ್ಲ.

ಆಮೇಲೆ ಕಂಪನಿಯವರು ಆನ್‌ಸೈಟ್ ಕೆಲಸಕ್ಕೆ ಸಿಂಗಾಪುರಕ್ಕೆ ಕಳಿಸುತ್ತೇವೆ ಎಂದಾಗ ಎರಡನೇ ಮಾತಿಲ್ಲದೆ ಹೋದೆ. ಅಲ್ಲಿ ನನ್ನನ್ನು ಯಾರೂ ಯಾವ ಆರತಿಗೂ ಕರೆಯುತ್ತಿರಲಿಲ್ಲ, ಹಾಗಾಗಿ ಹೊರಗೆ ಕಳಿಸುವ ಪ್ರಶ್ನೆಯೂ ಇರಲಿಲ್ಲ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸಂಬಳ ಕೊಟ್ಟು ತಪ್ಪು ಹುಡುಕಿಸುತ್ತಾರೆ ಎಂದರೆ ನಮ್ಮ ಅವ್ವ ಇವತ್ತಿಗೂ ನಂಬುವುದಿಲ್ಲ. ಅದನ್ನು ನೀನು ಪುಕ್ಕಟೆಯಾಗಿಯೇ ಮಾಡುತ್ತಿದ್ದೆಯಲ್ಲ ಅನ್ನುತ್ತಾಳೆ.

ರೋಗ ಎಲ್ಲ ಕಡೆ ಹಬ್ಬಿ ದೇಶಗಳು ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಅವನ ಹೆಂಡತಿ ಹೆರಿಗೆಗೆ ರಾಯಚೂರಿನ ತವರಿಗೆ ಹೋಗಬೇಕಿತ್ತು, ರಸ್ತೆಯೇ ಬಂದ್ ಆಗಿದ್ದರಿಂದ ಹೈದರಾಬಾದಿನಲ್ಲೇ ಹೆತ್ತಳು. ತಮ್ಮ ರೈಲ್ವೆಯಲ್ಲಿ ಕೆಲಸ ಮಾಡುತ್ತಾನೆ, ಫೋನಿನಲ್ಲಿ ಸ್ಟೇಷನ್ನಿನ ಸೂಚನೆ ಕೊಟ್ಟಂತೆ ಮಾತಾಡುತ್ತಾನೆ. ಅವತ್ತು ಮಾತ್ರ ಅವನ ದನಿ ಬೇರೆ ಇತ್ತು.

"ಅಕ್ಕಾ, ಕೂಸಿಗೆ ಹೆಸರ ನೀನಽ ಇಡಬೇಕು. ನೀ ಬರೂತನಾ ತೊಟ್ಟಲ ಕಟ್ಟಂಗಿಲ್ಲ ನಾವು."

ನಮ್ಮ ಕಡೆ ಹೆಸರಿಡುವುದು ಸೋದರತ್ತೆ. ಅಂದರೆ ಕೂಸಿನ ಅಪ್ಪನ ಅಕ್ಕ ಅಥವಾ ತಂಗಿ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್‌ರ್' ಎಂದು ಊದಿ, ಹೆಸರನ್ನು ಅವಳೇ ಮೊದಲು ಹೇಳಬೇಕು. ಅಲ್ಲಿಯವರೆಗೆ ಆ ಹೆಸರು ಬೇರೆ ಯಾರ ಬಾಯಲ್ಲೂ ಬರಬಾರದು. ನಮ್ಮಪ್ಪನಿಗೆ ಮಕ್ಕಳು ನಾವಿಬ್ಬರೇ, ಹಾಗಾಗಿ ಆ ಕೂಸಿಗೆ ಸೋದರತ್ತೆ ಅಂತ ಇದ್ದವಳು ನಾನೊಬ್ಬಳೇ. ನನಗೆ ಮಕ್ಕಳಿಲ್ಲ. ಇನ್ನು ಆಗುವುದೂ ಇಲ್ಲ. ಯಾರ ಕಿವಿಯಲ್ಲಾದರೂ ಒಂದು ಹೆಸರು ಹೇಳುವ ಅವಕಾಶ ನನಗೆ ಇದೊಂದೇ ಎಂದು ಗೊತ್ತಿತ್ತು, ಅದು ಬೇಕು ಅಂತ ತುಂಬ ಅನ್ನಿಸಿತ್ತು. ಸೀಟಿಗಾಗಿ ವಾರಗಟ್ಟಲೆ ಕಾದು, ಮೂಗು ಬಾಯಿ ಮುಚ್ಚಿಕೊಂಡು, ಮುಖಕ್ಕೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು ಬಂದದ್ದು ಅದಕ್ಕೇ.

ಹೋಟೆಲು ಸಿಕ್ಕಿದ್ದು ಮಾದಾಪುರದಲ್ಲಿ. ಕಿಟಕಿಯಿಂದ ನಮ್ಮ ಹಳೆಯ ಆಫೀಸಿನ ಗಾಜಿನ ಕಟ್ಟಡ ಕಾಣುತ್ತಿತ್ತು. ಒಂದು ಕಾಲಕ್ಕೆ ಆ ರಸ್ತೆಯಲ್ಲಿ ಕ್ಯಾಬು, ಬೈಕು, ಮಿರ್ಚಿ ಬಜ್ಜಿ ಬಂಡಿಗಳ ನಡುವೆ ದಾಟಿಕೊಂಡು ಲಿಫ್ಟಿಗೆ ಸಾಲು ನಿಲ್ಲುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. ಈಗ ಅಲ್ಲಿ ಒಬ್ಬ ವಾಚ್‌ಮನ್ ಕುರ್ಚಿ ಹಾಕಿಕೊಂಡು ರಸ್ತೆಯ ಮಧ್ಯದಲ್ಲೇ ಕೂತಿರುತ್ತಿದ್ದ. ಯಾರೂ ಅವನನ್ನು ಏಳು ಅನ್ನಲಿಲ್ಲ.

ಊಟ ತರುವವನು ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಪೊಟ್ಟಣ ಇಟ್ಟು, ಬಾಗಿಲು ಬಡಿದು, ನಾನು ತೆರೆಯುವಷ್ಟರಲ್ಲಿ ಕಾರಿಡಾರಿನ ಆ ತುದಿಯಲ್ಲಿರುತ್ತಿದ್ದ. ಅಲ್ಲಿಂದಲೇ "ಮೇಡಂ, ಸಾಂಬಾರ್ ಅಂದರ್ ಹೈ" ಎಂದು ಕೂಗುತ್ತಿದ್ದ. ಬೆಳಿಗ್ಗೆ ಇಡ್ಲಿ. ಮಧ್ಯಾಹ್ನ ಅನ್ನದ ಜೊತೆ ಉಳಿದ ಇಡ್ಲಿ. ಸಾಯಂಕಾಲ ಅದೇ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಹಾಕಿ, ಚಮಚ ಬೇರೆ ಕೊಟ್ಟು ಕಳಿಸುತ್ತಿದ್ದರು. ಆಫೀಸಿನವರಂತೂ ಬಹಳ ಸಂತೋಷದಲ್ಲಿದ್ದರು. ಹೇಗೂ ಹೊರಗೆ ಹೋಗುವುದಿಲ್ಲವಲ್ಲ ಎಂದು ಎರಡು ಜನರ ಕೆಲಸ ಕೊಟ್ಟರು. ನಮ್ಮ ಮ್ಯಾನೇಜರ್ ಕರೆ ಮಾಡಿದಾಗಲೆಲ್ಲ ಮೊದಲು ಆರೋಗ್ಯ ವಿಚಾರಿಸುತ್ತಿದ್ದ, ಉತ್ತರಕ್ಕೆ ಕಾಯುತ್ತಿರಲಿಲ್ಲ.

ಸತ್ಯ ಹೇಳಬೇಕೆಂದರೆ ಆ ವಾರ ನನಗೆ ಕಷ್ಟವಾಗಲಿಲ್ಲ. ಸರ್ಕಾರದ ನಿಯಮದಲ್ಲಿ ಒಂದು ಮರ್ಯಾದೆ ಇತ್ತು. ಅದು ನನ್ನನ್ನೂ, ಕಾರ್ಖಾನೆಯ ಮಾಲೀಕನನ್ನೂ, ದುಬೈಯಿಂದ ಬಂದ ಗಾರೆ ಕೆಲಸದವನನ್ನೂ ಒಂದೇ ಸಮ ದೂರ ಇಟ್ಟಿತ್ತು. ಯಾಕೆ ಅನ್ನುವುದನ್ನು ಮುಖಕ್ಕೆ ಹೇಳಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಯಾವತ್ತು ಮುಗಿಯುತ್ತದೆ ಎಂದು ಕೈ ಮೇಲೇ ಬರೆದು ಕೊಟ್ಟಿತ್ತು. ನನಗೆ ಗೊತ್ತಿದ್ದ ಇನ್ನೊಂದು ಕ್ವಾರಂಟೈನಿಗೆ ಮುಗಿಯುವ ತಾರೀಖು ಇರಲಿಲ್ಲ.

ವಾರ ಮುಗಿದು, ಮೂಗಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದ ಮೇಲೆ ಮಲ್ಕಾಜ್‌ಗಿರಿಯ ತವರುಮನೆಗೆ ಬಿಟ್ಟರು. ಬೀದರಿನ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದ ಅಪ್ಪ ಕಟ್ಟಿಸಿದ ಮನೆ ಅದು. ಅಪ್ಪ ತೀರಿಕೊಂಡು ಬಹಳ ವರ್ಷ ಆಯಿತು. ಮುಂದಿನ ಕೋಣೆಯನ್ನು ಅವನು ಬಾಡಿಗೆಗೆಂದು ಮಾಡಿಸಿದ್ದ. ಅದಕ್ಕೆ ವರಾಂಡದಿಂದಲೇ ಬೇರೆ ಬಾಗಿಲು, ಬೇರೆ ಬಚ್ಚಲು. ಹಾಲಿಗೆ ತೆರೆಯುವ ಇನ್ನೊಂದು ಬಾಗಿಲಿಗೆ ಮನೆಯೊಳಗಿನಿಂದ ಚಿಲಕ. ಐಟಿ ಕಂಪನಿಗಳ ಹುಡುಗರು ವರ್ಷಗಟ್ಟಲೆ ಅಲ್ಲಿ ಇದ್ದು, ರೋಗ ಬಂದದ್ದೇ ತಡ ಲ್ಯಾಪ್‌ಟಾಪು ಹೊತ್ತುಕೊಂಡು ಊರಿಗೆ ಹೋಗಿದ್ದರು. ಗೋಡೆಯ ಮೇಲೆ ಅವರು ಅಂಟಿಸಿದ್ದ ಕ್ರಿಕೆಟ್ ಆಟಗಾರರ ಕೆಳಗೆ ನನ್ನ ಹಾಸಿಗೆ ಹಾಸಿದ್ದರು. ನಾನು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕಾರ್ಪೊರೇಷನ್ನಿನವರು ಬಂದು ವರಾಂಡದ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದರು. ಈ ಮನೆಗೆ ಭೇಟಿ ಕೊಡಬೇಡಿ ಎಂದು ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಇತ್ತು. ಓಣಿಯವರು ಒಬ್ಬೊಬ್ಬರಾಗಿ ಬಂದು, ಗೇಟಿನಾಚೆ ನಿಂತು ಓದಿ, ಫೋಟೋ ತೆಗೆದುಕೊಂಡು ಹೋದರು. ಭೇಟಿ ಕೊಡಬೇಡಿ ಎಂದದ್ದಕ್ಕೆ ಅಷ್ಟು ಜನ ಬಂದದ್ದು ಅದೇ ಮೊದಲು.

ಅವ್ವ ದೂರದಿಂದ ನನ್ನ ಕೈ ನೋಡಿ, "ಹಚ್ಚಿ ಹಾಕ್ಯಾರೇನು?" ಎಂದು ಕೇಳಿದಳು. ಅಲ್ಲ, ಠಸ್ಸೆ, ತಾನೇ ಹೋಗುತ್ತದೆ ಅಂದೆ. "ಹೋದ್ರ ಛಲೋ ಆತು," ಅಂದು ಒಳಗೆ ಹೋದಳು. ದಿನಕ್ಕೆ ಮೂರು ಸಲ ತಾಟು ತಂದು ಹೊಸ್ತಿಲ ಹೊರಗೆ ಇಟ್ಟು, ವರಾಂಡದ ಮೆಟ್ಟಿಲ ಮೇಲೆ ಕೂತು ನಾನು ಉಣ್ಣುವವರೆಗೂ ಕಾಯುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಇಡ್ಲಿ ಮಾತ್ರ ಮಾಡಬೇಡ ಅಂದಿದ್ದೆ.

ಗೋಡೆಯಾಚೆಯ ಕೋಣೆಯಲ್ಲಿ ಬಾಣಂತಿ. ಕಿವಿಗೆ ಅರಿವೆ ಕಟ್ಟಿಕೊಂಡು, ಮಂಚದ ಕೆಳಗೆ ಕೆಂಡ ಇಡಿಸಿಕೊಂಡು, ಕಿಟಕಿ ಮುಚ್ಚಿಕೊಂಡು ಮಲಗಿದ್ದಳು. ಹೈದರಾಬಾದಿನ ಬಿಸಿಲಿನಲ್ಲಿ ಅದು ಎಂಥ ಶಿಕ್ಷೆ ಅನ್ನುವುದನ್ನು ನಾನೇನು ಹೇಳಲಿ. ನಾವಿಬ್ಬರೂ ಒಂದು ಗೋಡೆಯ ಎರಡು ಬದಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದೆವು.

"ಅಕ್ಕಾರ, ನಿಮಗ ಬರೇ ಒಂದ ವಾರ ಐತಿ. ನನಗ ಮೂರ ತಿಂಗಳ ಅಂತಾರ ಅತ್ತಿಯಾರು," ಅಂದಳು ಒಂದು ದಿನ. "ನನ್ನ ಬಾಗಿಲಿಗೂ ಒಂದ ಸ್ಟಿಕ್ಕರ್ ಹಚ್ಚಸ್ರಿ, ತಾರೀಖ ಹಾಕಿ."

ಕೂಸಿನ ಮುಖ ನಾನಿನ್ನೂ ಫೋನಿನಲ್ಲಿ ಮಾತ್ರ ನೋಡಿದ್ದೆ. ದನಿ ಮಾತ್ರ ಗೋಡೆ ದಾಟಿ ಬರುತ್ತಿತ್ತು. ಹಸಿದರೆ ಒಂದು ಥರ, ಬಟ್ಟೆ ಒದ್ದೆಯಾದರೆ ಇನ್ನೊಂದು ಥರ ಅಳುತ್ತಿತ್ತು, ಸ್ನಾನ ಮಾಡಿಸುವಾಗಲಂತೂ ಪೊಲೀಸರನ್ನು ಕರೆಸುವಂತೆ ಕಿರುಚುತ್ತಿತ್ತು. ಕೆಲಸದ ಮೀಟಿಂಗಿನ ನಡುವೆ ಅದು ಅತ್ತರೆ ನನಗೆ ಸುಮ್ಮಸುಮ್ಮನೆ ಖುಷಿಯಾಗುತ್ತಿತ್ತು. ಎದ್ದು ಹೋಗಿ ಎತ್ತಿಕೊಳ್ಳಬೇಕು ಅನ್ನಿಸುತ್ತಿತ್ತು, ಎದ್ದು ಹೋಗಲಿಲ್ಲ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂದಿದ್ದರೂ ವಾರ ಮುಗಿಯುವವರೆಗೆ ಖಾತ್ರಿ ಇಲ್ಲ ಎಂದೂ ಅವರೇ ಹೇಳಿದ್ದರು. ಎಳೆಯ ಕೂಸು. ನಾನು ಚಿಲಕ ತೆಗೆಯಿರಿ ಎಂದು ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ತಾಟು ಇಟ್ಟು ಹೋಗುತ್ತಾ ಅವ್ವ, ಮುಖ ತಿರುಗಿಸದೆ, "ಬುಧವಾರ ತೊಟ್ಟಲಾ ಇಟ್ಕೊಂಡೀವಿ. ಅಯ್ನೋರು ಛಲೋ ದಿನ ಅಂದಾರ," ಅಂದಳು.

ನನ್ನ ಕೈ ಮೇಲಿನ ಠಸ್ಸೆ ಗುರುವಾರ ಮುಗಿಯುತ್ತಿತ್ತು.

ನಾನು ಬರಲಿ ಎಂದು ಅಷ್ಟು ವಾರ ಕಾದಿದ್ದ ಹೆಸರು, ಗೋಡೆಯಾಚೆ ನಾನು ಬಂದು ಕೂತ ಮೇಲೆ ಇನ್ನೆರಡು ದಿನ ಕಾಯಲಾರದಾಯಿತು. ಶುಕ್ರವಾರ ಯಾಕಾಗುವುದಿಲ್ಲ ಎಂದು ಕೂಗಿ ಕೇಳಿದೆ. ಅವ್ವ ಕೇಳಿಸದವಳಂತೆ ಒಳಗೆ ಹೋದಳು. ಅವಳ ಕಿವಿ ಚೆನ್ನಾಗಿಯೇ ಇದೆ. ಅಡುಗೆಮನೆಯಲ್ಲಿದ್ದುಕೊಂಡೇ ಪಕ್ಕದ ಮನೆಯ ಕುಕ್ಕರಿನ ಸೀಟಿ ಎಣಿಸುತ್ತಾಳೆ.

ತಮ್ಮನಿಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದ.

"ಅವ್ವ ನೋಡಾಕತ್ತಾಳ ಅದನ್ನ. ನಾ ಏನ ಹೇಳ್ಲಿ? ಮತ್ತ ನಿನಗ ಕ್ವಾರಂಟೈನ್ ಐತಲ್ಲ ಅಕ್ಕಾ."

"ಗುರುವಾರ ಮುಗೀತೈತಿ."

"ಹೌದು. ಖರೇ," ಅಂದ. ಆಮೇಲೆ, "ದೊಡ್ಡಪ್ಪನ ಮಗಳನ್ನ ಕರದೀವಿ. ಆಕಿ ಕಿವ್ಯಾಗ ಹೇಳ್ತಾಳ. ಹೆಸರೇನು ನಿಂದಽ. ಹೇಳೋರು ಯಾರಾದ್ರೇನು? ವಾಟ್ಸಾಪ್‌ನ್ಯಾಗ ಕಳಸಿಬಿಡು," ಅಂದ.

ದೊಡ್ಡಪ್ಪನ ಮಗಳು ಜೀಡಿಮೆಟ್ಲಾದಲ್ಲಿರುತ್ತಾಳೆ. ಅವಳ ಗಂಡ ಔಷಧದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಗಟ್ಟಿಮುಟ್ಟಾಗಿದ್ದಾನೆ. ಅದೇ ಅವಳ ಅರ್ಹತೆ.

ನಾನು ಆ ಹೆಸರನ್ನು ಸಿಂಗಾಪುರದಲ್ಲೇ ನಿಶ್ಚಯ ಮಾಡಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಬೇರೆ ಯಾವುದೋ ಕೆಟ್ಟ ಹೆಸರು ಕಳಿಸಿಬಿಡೋಣ ಅನ್ನಿಸಿತು. ಪಾಪ, ಕೂಸು ಏನು ಮಾಡಿತ್ತು? ಸರಿಯಾದ ಹೆಸರನ್ನೇ ಟೈಪ್ ಮಾಡಿ ಕಳಿಸಿದೆ. ಎರಡು ನೀಲಿ ಗೀಟು ಬಂದವು, ಹೆಬ್ಬೆರಳಿನ ಚಿತ್ರ ಬಂತು. ಸಾಯಂಕಾಲದೊಳಗೆ ಬಳಗದ ಗ್ರೂಪಿನಲ್ಲಿ ಎಲ್ಲರೂ ಹೆಸರು ಚೆನ್ನಾಗಿದೆ ಅಂದರು. ಸೋದರತ್ತೆ ಹೇಳುವ ಮೊದಲು ಯಾರ ಬಾಯಲ್ಲೂ ಬರಬಾರದ ಹೆಸರು ಅಷ್ಟೂ ಜನರ ಬೆರಳಲ್ಲಿ ಬಂತು. ನಾನು ಫೋನನ್ನು ದಿಂಬಿನ ಕೆಳಗೆ ಹಾಕಿ, ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮೀಟಿಂಗಿತ್ತು, ಹೋಗಿ ಕೂತೆ.

ಬುಧವಾರ ಬೆಳಿಗ್ಗೆಯಿಂದ ಹಾಲಿನಲ್ಲಿ ಓಡಾಟ. ಕಾರ್ಯಕ್ಕೆ ಕೆಲವೇ ಜನ ಸೇರಬಹುದೆಂಬ ನಿಯಮ ಆಗ ಇತ್ತು, ಬಂದವರು ಅದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಇದ್ದರು. ಎಲ್ಲರೂ ಸ್ಟಿಕ್ಕರಿನ ಮುಂದೆ ಹಾಯುವಾಗ ಉಸಿರು ಬಿಗಿಹಿಡಿದು, ನನ್ನ ಬಾಗಿಲಿನ ಎದುರಿಗೇ ಚಪ್ಪಲಿ ಬಿಟ್ಟು ಒಳಗೆ ಹೋದರು. ದೊಡ್ಡಪ್ಪನ ಮಗಳು ಕಾರ್ಖಾನೆಯ ಸ್ಯಾನಿಟೈಸರಿನ ದೊಡ್ಡ ಕ್ಯಾನು ಉಡುಗೊರೆ ತಂದಿದ್ದಳು. ಕಿಟಕಿಯ ಹೊರಗಿನಿಂದಲೇ, "ತಪ್ಪ ತಿಳ್ಕೋಬ್ಯಾಡ ಅಕ್ಕಾ, ಕರದ್ರು, ಬಂದೆ," ಅಂದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಮ್ಮ ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿ ನನಗೆ ವಿಡಿಯೋ ಹಾಕಿಕೊಟ್ಟ. ತೊಟ್ಟಿಲಿಗೆ ಹೂವು ಸುತ್ತಿದ್ದರು. ಹೆಂಗಸರೆಲ್ಲ ರೇಷ್ಮೆ ಸೀರೆ, ಮೂಗಿನ ಮೇಲೆ ಅದೇ ಬಣ್ಣದ ಮಾಸ್ಕು. ಮಾಸ್ಕಿನ ಮೇಲೆ ನತ್ತು ಸಿಕ್ಕಿಸಿಕೊಂಡವಳೂ ಒಬ್ಬಳಿದ್ದಳು. ಬಾಣಂತಿ ಒಂದು ಮೂಲೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ತೊಟ್ಟಿಲ ಕಡೆ ನೋಡದೆ ಫೋನಿನ ಕಡೆಗೇ, ಅಂದರೆ ನನ್ನ ಕಡೆಗೇ, ನೋಡುತ್ತಿದ್ದಳು. ನಾನು ಒಬ್ಬೊಬ್ಬರ ಮುಖವನ್ನೂ ಹುಡುಕಿದೆ. ಅವ್ವ ಇರಲಿಲ್ಲ.

ಆಗ ವರಾಂಡದ ಬಾಗಿಲ ಆಚೆ ಚಪ್ಪಲಿಗಳನ್ನು ಸರಿಸುವ ಸದ್ದಾಯಿತು. ಯಾರೋ ಬಾಗಿಲಿಗೆ ಒರಗಿ ಕೂತರು.

"ಉಂಡಿ ಏನ?" ಅವ್ವನ ದನಿ.

"ಒಳಗ ತೊಟ್ಟಲಾ ನಡದೈತಿ. ನೀ ಇಲ್ಲ್ಯಾಕ ಕುಂತಿ?"

"ಎಲ್ಲಿ ಕುಂದ್ರಬೇಕು? ಮುತ್ತೈದೇರು ಅದಾರ ಒಳಗ."

ಅಪ್ಪ ಹೋದ ಮೇಲೆ ಅವ್ವ ಎಲ್ಲಿ ಕೂರುತ್ತಾಳೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಇರುತ್ತದೆ ಅಂದುಕೊಂಡಿದ್ದೆ. ಮೊಮ್ಮಗಳ ತೊಟ್ಟಿಲಿನ ದಿನ ಅವಳು ಬಂದವರ ಚಪ್ಪಲಿಗಳ ನಡುವೆ ಕೂತಿದ್ದಳು.

ನಾನೂ ನೆಲದ ಮೇಲೆ, ಬಾಗಿಲ ಈಚೆ ಕೂತೆ.

"ಅವ್ವಾ, ನಾ ಹೆಸರ ಇಡೂದ ಬ್ಯಾಡ ಅಂತ ಯಾರ ಅಂದ್ರು?"

ಒಳಗೆ ಯಾರೋ ಹಾಡು ಶುರು ಮಾಡಿ, ಮಾಸ್ಕಿನಿಂದಾಗಿ ಉಸಿರು ಸಾಲದೆ ನಿಲ್ಲಿಸಿದರು.

"ಯಾರೂ ಅಂದಿಲ್ಲ," ಅಂದಳು ಅವ್ವ. "ಅಂದಾರು ಅಂತ ನಾನಽ ಅನ್ಕೊಂಡೆ. ಬಂದವರು ಎದುರಿಗೆ ಅಂದ್ರ ನಿನಗ ಹೆಂಗಾಗಬೇಕು? ಈ ರೂಲ್ ಇತ್ತು, ಬಚಾವಾದೆ. ಇಲ್ಲಂದ್ರ ನಿನಗ ಬ್ಯಾಡ ಅಂತ ನನ್ನ ಬಾಯಿಲೆ ಹೇಳಬೇಕಾಗ್ತಿತ್ತು."

ನನಗೆ ಉರಿದು ಹೋಯಿತು. ಯಾರೂ ಹಾಕದ ಬೀಗಕ್ಕೆ ಇವಳು ಕಾವಲು ಕೂತಿದ್ದಳು. ಎದ್ದು ಬಾಗಿಲು ತೆರೆದು ಬೈಯಬೇಕು ಅನ್ನಿಸಿತು, ತೆರೆಯುವ ಹಾಗಿರಲಿಲ್ಲ. ಅವಳ ವಯಸ್ಸಿನವರಿಗೇ ರೋಗದ ಭಯ ಹೆಚ್ಚು. ಬೈಗುಳದ ಬದಲು ಅಳು ಬಂತು. ನಾನು ಅಳುವುದು ಆಚೆ ಕೇಳಿಸಿರಬೇಕು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ನನಗೂ ಕೇಳಿಸಿತು.

ಒಳಗೆ ದೊಡ್ಡಪ್ಪನ ಮಗಳು ತೊಟ್ಟಿಲಿಗೆ ಬಗ್ಗಿದಳು. ಕುರ್‌ರ್ ಅಂದಳು, ನಾನು ಟೈಪ್ ಮಾಡಿ ಕಳಿಸಿದ್ದನ್ನು ಹೇಳಿದಳು. ಕೂಡಲೇ ನಗು, ಗದ್ದಲ, ಗುದ್ದಿನ ಸದ್ದು. ಅದು ನಮ್ಮ ಪದ್ಧತಿ. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುತ್ತಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಗುದ್ದು ತಿಂದವಳೇ ಸೋದರತ್ತೆ. ಆರಡಿ ದೂರದ ನಿಯಮವನ್ನೆಲ್ಲ ಮರೆತು ಅವರು ಅವಳಿಗೆ ಚೆನ್ನಾಗಿಯೇ ಗುದ್ದಿದರು. ನಾನು ಫೋನನ್ನು ಬೋರಲು ಹಾಕಿದೆ.

"ನೀ ಹೇಳು," ಅಂದಳು ಅವ್ವ ಬಾಗಿಲಾಚೆಯಿಂದ.

"ಏನ ಹೇಳಲಿ?"

"ಹೆಸರ. ನಾ ಕೇಳಿಲ್ಲ ಅದನ್ನ. ಆಕಿ ಹೇಳೂ ಮುಂದ ಕಿವಿ ಮುಚ್ಕೊಂಡಿದ್ದೆ."

ಅವ್ವನ ಬಳಿ ಇರುವುದು ಗುಂಡಿ ಒತ್ತುವ ಫೋನು. ಗ್ರೂಪಿನಲ್ಲಿ ಬಂದದ್ದು ಅವಳಿಗೆ ಮುಟ್ಟಿರಲಿಲ್ಲ. ಇಡೀ ಬಳಗದಲ್ಲಿ ಆ ಹೆಸರು ಕೇಳದೆ ಉಳಿದಿದ್ದವಳು ಅವಳೊಬ್ಬಳೇ.

ಮಾಸ್ಕು ಏರಿಸಿಕೊಂಡು, ಬಾಗಿಲ ಸಂದಿಗೆ ಬಾಯಿ ತಂದು ಕುರ್‌ರ್ ಅಂದೆ. ಹೆಸರು ಹೇಳಿದೆ. ದನಿ ಒಡೆಯಿತು, ಇನ್ನೊಂದು ಸಲ ಹೇಳಿದೆ. ಆಮೇಲೆ ತಿರುಗಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಆಚೆಯಿಂದ ಅವ್ವ ಬಾಗಿಲಿಗೆ ಮುಷ್ಟಿ ಕಟ್ಟಿ ಗುದ್ದಿದಳು. ಹಲಗೆ ನಡುಗಿ ಬೆನ್ನಿಗೆ ತಾಗಿತು. ಒಳಗಿದ್ದ ಅಷ್ಟೂ ಹೆಂಗಸರ ಪಾಲಿನದನ್ನು ಅವಳೊಬ್ಬಳೇ ಗುದ್ದಿದಳು, ಕೈ ಸೋಲುವವರೆಗೆ.